ಮೋಲ್ಡಿನ ಕೆಳಗೆ ನಿಲ್ಲುವವಳು

"ಹತ್ತಿ ತೋರ್ಸಮ್ಮ," ಅಂದರು ಬಸವಪ್ರಸಾದ್.

ನಾನು ಮಂಡಳಿ ಆಫೀಸಿನ ಮೆಟ್ಟಿಲುಗಳನ್ನು ನೋಡಿದೆ. ಕಡಪ ಕಲ್ಲು ಹಾಸಿದ ಮೆಟ್ಟಿಲು. ಅಂಥ ಮೆಟ್ಟಿಲಿಗೆ ಕಲ್ಲು ಹೊತ್ತಿದ್ದೇನೆ. ಜಲ್ಲಿ ಹೊತ್ತಿದ್ದೇನೆ. ಎರಡು ಕಾಲಿದ್ದಾಗ.

ಬಸವಪ್ರಸಾದ್ ನಿವೃತ್ತ ಇಂಜಿನಿಯರು. ಹೊಸದಾಗಿ ಹುಟ್ಟಿದ ಕಟ್ಟಡ ನಿಯಮ ಉಸ್ತುವಾರಿ ಮಂಡಳಿಗೆ ಅಧ್ಯಕ್ಷರು. ಇನ್ನು ಮುಂದೆ ನಮ್ಮ ಕೋಟೆ ತಾಲ್ಲೂಕಿನಲ್ಲಿ ಯಾರು ಕಟ್ಟಡ ಎಬ್ಬಿಸಿದರೂ ಅದು ನಿಯಮದಂತೆ ಏಳುತ್ತಿದೆಯೇ ಎಂದು ಈ ಮಂಡಳಿ ನೋಡುತ್ತದೆ. ಅನುಮಾನ ಬಂದರೆ ಒಬ್ಬ ಸದಸ್ಯ ಹೇಳಿದರೂ ಸಾಕು, ಮಂಡಳಿ ಬಂದು ಪರೀಕ್ಷೆ ಮಾಡುವ ತನಕ ಕೆಲಸ ನಿಲ್ಲಬೇಕು. ಏಳು ಕುರ್ಚಿ. ಆರರಲ್ಲಿ ಡಿಗ್ರಿ ಇದ್ದವರು, ಲೈಸೆನ್ಸ್ ಇದ್ದವರು ಆಗಲೇ ಕೂತಿದ್ದರು. ಏಳನೆಯದು ಕಟ್ಟಡ ಕಾರ್ಮಿಕರ ಪ್ರತಿನಿಧಿಯದು. ಅದನ್ನು ಕೇಳಲು ನಾನು ಹೋಗಿದ್ದೆ. ಅದನ್ನೇ ಕೇಳಲು ಚಲುವರಾಜುವೂ ಬಂದಿದ್ದ.

ಚಲುವರಾಜು ಜೀವಮಾನದಲ್ಲಿ ಒಂದು ಬಾಂಡ್ಲಿ ಎತ್ತಿದವನಲ್ಲ. ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುತ್ತಾನೆ. ಊರಿನ ಅರ್ಧ ಮೋಲ್ಡುಗಳನ್ನು, ಅಂದರೆ ಕಾಂಕ್ರೀಟ್ ತಾರಸಿಗಳನ್ನು, ಗಟ್ಟಿಯಾಗುವ ತನಕ ಹೊರುವ ಹಲಗೆ, ಕಂಬ, ಜಾಕಿ ಅವನ ಗೋಡೌನಿನವು. ಆದರೂ ಅವನ ಹತ್ತಿರ ಕಾರ್ಮಿಕರ ಕಾರ್ಡ್ ಇದೆ. ಹೆಂಡತಿಯ ಹೆಸರಿನಲ್ಲೂ ಇದೆ.

ಬಸವಪ್ರಸಾದ್ ಅರ್ಹತೆಯ ಷರತ್ತುಗಳನ್ನು ಒಂದೊಂದಾಗಿ ಓದಿದ್ದರು.

"ಹತ್ತನೇ ತರಗತಿ ಪಾಸಾಗಿರಬೇಕು."

"ಆಗಿದೀನಿ ಸಾರ್."

ಅವರು ಕನ್ನಡಕದ ಮೇಲಿಂದ ನೋಡಿದರು. ಅದನ್ನು ಅವರು ಎಣಿಸಿರಲಿಲ್ಲ.

"ಐದು ವರ್ಷ ಕಟ್ಟಡದ ಕೆಲಸ ಮಾಡಿರಬೇಕು."

"ಮದುವೆ ಆಗಿ ಬಂದಾಗಿಂದ ಅದೇ ಮಾಡ್ತಾ ಇರೋದು."

ಮೂರನೆಯದನ್ನು ಅವರು ನಿಧಾನವಾಗಿ ಓದಿದರು. ಯಾರ ಸಹಾಯವೂ ಇಲ್ಲದೆ ಏಣಿ, ಮೆಟ್ಟಿಲುಗಳನ್ನು ಹತ್ತಿ ಕಟ್ಟಡ ಪರಿಶೀಲಿಸಲು ದೈಹಿಕವಾಗಿ ಶಕ್ತರಾಗಿರಬೇಕು.

ಕೋಣೆಯಲ್ಲಿದ್ದವರೆಲ್ಲ ನನ್ನ ಸೀರೆಯ ಅಂಚು ನೋಡಿದರು. ಅಂಚಿನ ಕೆಳಗೆ ಒಂದು ಪಾದ, ಒಂದು ಊರುಗೋಲು.

ಆ ಕಾಲು ಎಲ್ಲಿ ಹೋಯಿತು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬೀಚನಹಳ್ಳಿಗೆ ಹೋಗುವ ರಸ್ತೆಯಲ್ಲಿ ಪ್ರವಾಸಿಗರಿಗೆಂದು ಒಂದು ಲಾಡ್ಜ್ ಏಳುತ್ತಿತ್ತು. ಮೋಲ್ಡ್ ಹಾಕುವ ದಿನ. ಮೇಲೆ ಕಾಂಕ್ರೀಟ್ ಸುರಿಯುವಾಗ ಹಲಗೆಗಳ ಸಂದಿಯಿಂದ ಸಿಮೆಂಟಿನ ಹಾಲು ಸೋರುತ್ತದೆ. ಸೋರಿದ ಕಡೆ ಒದ್ದೆ ಚೀಲದ ಚೂರು ತುರುಕಲು ಕೆಳಗೆ ಯಾರಾದರೂ ಇರಬೇಕು. ಯಾರಾದರೂ ಅಂದರೆ ಹೆಂಗಸು. ಗಂಡಸರು ಮೇಲೆ ಇರುತ್ತಾರೆ. ಕೆಳಗೆ ಬೆಳಕಿರುವುದಿಲ್ಲ. ಕಂಬಗಳ ನಡುವೆ ಬಗ್ಗಿ ಓಡಾಡಬೇಕು. ಹಾಲು ಕಣ್ಣಿಗೆ ಬಿದ್ದರೆ ಉರಿ ಎರಡು ದಿನ ಇರುತ್ತದೆ. ನೆತ್ತಿಯ ಮೇಲೆ ಕಾಲುಗಳ ಸದ್ದು.

ಅವತ್ತು ಕೆಳಗೆ ನಾನಿದ್ದೆ. ನನ್ನ ಅತ್ತೆ ಚಿಕ್ಕಸಿದ್ದಮ್ಮ ಇದ್ದಳು. ಕಂಬ ಮುರಿದ ಸದ್ದು ಅತ್ತೆಗೆ ಮೊದಲು ಕೇಳಿಸಿತು. "ಸುಕನ್ಯಾ" ಅಂದಳು. ಅಷ್ಟೇ.

ನನ್ನನ್ನು ಎಳೆದರು, ಕಾಲು ಬರಲಿಲ್ಲ. ಅತ್ತೆ ಹೊರಗೆ ಬಂದಾಗ ಅವಳ ಬಾಯಿ ತುಂಬ ಕಾಂಕ್ರೀಟ್ ಇತ್ತು. ಹಸಿ ಕಾಂಕ್ರೀಟ್. ಗಟ್ಟಿಯಾಗುವ ಮೊದಲು ತೊಳೆಯಬೇಕು ಎಂದು ನಮ್ಮ ಗ್ಯಾಂಗಿನ ದೊಡ್ಡತಾಯಮ್ಮ ಹೆಣದ ಮುಖಕ್ಕೆ ಕೊಡಪಾನದಲ್ಲಿ ನೀರು ಹೊಯ್ದಳು. ಕೆಲಸದ ನೀರು.

ಆ ಲಾಡ್ಜಿಗೆ ಸಹಿ ಹಾಕಿದವರಿಗೆಲ್ಲ ಅರ್ಹತೆ ಇತ್ತು.

ಆಮೇಲೆ ನಾವು ರಸ್ತೆಯಲ್ಲಿ ಧರಣಿ ಕೂತೆವು. ಬಿಸಿಲಲ್ಲಿ ಕೂತೆವು. ನನ್ನ ಗಾಯದಿಂದ ಇನ್ನೂ ನೀರು ಒಸರುತ್ತಿತ್ತು, ನೊಣ ಓಡಿಸಿಕೊಂಡು ಕೂತೆ. ಕೊನೆಗೆ ಮಂಡಳಿ ಆಯಿತು. ನನ್ನ ಕಾಲಿನ ಮೇಲೆ ಎದ್ದ ಮಂಡಳಿ ಅದು. ಈಗ ಆ ಕಾಲು ಇಲ್ಲ ಎಂದು ನನ್ನನ್ನು ಬಾಗಿಲಲ್ಲಿ ತಡೆದಿತ್ತು.

"ನಂಗೆ ಇಂಜಿನಿಯರಿಂಗ್ ಗೊತ್ತಿಲ್ಲ ಸಾರ್," ಅಂದೆ. "ಗೊತ್ತಿರೋರು ಆರು ಜನ ಕೂತಿದೀರಿ. ಬಿದ್ರೆ ಯಾರ ಮೇಲೆ ಬೀಳುತ್ತೆ ಅಂತ ಗೊತ್ತಿರೋರು ಒಬ್ರು ಬೇಕಲ್ವಾ?"

"ನೋಡಮ್ಮ, ರೂಲ್ಸು ನಾನು ಮಾಡಿದ್ದಲ್ಲ. ಎಲ್ಲರಿಗೂ ಒಂದೇ ರೂಲ್ಸು. ನಿಂಗೆ ಅನ್ಯಾಯ ಆಯ್ತು ಅನ್ನೋದು ಬೇಡ. ಹತ್ತಿ ತೋರ್ಸು."

ಆರು ಜನರೂ ಎದ್ದು ಬಂದು ಮೆಟ್ಟಿಲ ಬುಡದಲ್ಲಿ ನಿಂತರು. ಆಫೀಸಿನ ಹುಡುಗಿಯರು ಬಾಗಿಲಿಗೆ ಬಂದರು. ಟೀ ಕೊಡುವವನು ಟ್ರೇ ಹಿಡಿದುಕೊಂಡು ನಿಂತ.

ಹತ್ತಿದೆ. ಮೊದಲು ಊರುಗೋಲು, ಆಮೇಲೆ ಮೈ, ಆಮೇಲೆ ಕಾಲು. ಕಂಕುಳ ಚರ್ಮ ಸುಲಿದಂತಾಯಿತು. ಬೆವರು ಕುಪ್ಪಸದೊಳಗೆ ಹರಿಯಿತು. ಬೆನ್ನಿಗೆ ಅಷ್ಟೊಂದು ಕಣ್ಣು ಅಂಟಿಕೊಂಡರೆ ಹೇಗಿರುತ್ತದೆಂದು ಅವತ್ತೇ ತಿಳಿದದ್ದು. ತಿರುವಿನ ತನಕ ಹೋದೆ. ಉಸಿರು ತೆಗೆದುಕೊಳ್ಳಲು ನಿಂತೆ. ಬೀಳುತ್ತಿರಲಿಲ್ಲ. ನಿಂತಿದ್ದೆ.

"ಬಿದ್ದೋಯ್ತೀಯ ಕಣಕ್ಕ!" ಎಂದು ಚಲುವರಾಜು ದಡದಡ ಹತ್ತಿ ಬಂದು ನನ್ನ ರಟ್ಟೆ ಹಿಡಿದ.

"ಬುಡು."

ಅವನು ಬಿಡಲಿಲ್ಲ. ಅವನ ಉಂಗುರ ನನ್ನ ಮೂಳೆಗೆ ಒತ್ತುತ್ತಿತ್ತು. ನಕ್ಕ.

"ಕೈ ಬುಡೋ!"

ಕೆಳಗಿನಿಂದ ಬಸವಪ್ರಸಾದ್ ಹೇಳಿದರು: "ಸಹಾಯ ತಗೊಂಡಂಗಾಯ್ತಲ್ಲಮ್ಮ."

ಟ್ರೇಯಲ್ಲಿ ಲೋಟಗಳು ಕುಲುಕಿದವು. ಯಾರೋ ನಗು ತಡೆದುಕೊಂಡರು. ಏಳನೆಯ ಕುರ್ಚಿ ಚಲುವರಾಜುವಿನದಾಯಿತು. ಅವನನ್ನು ಯಾರೂ ಹತ್ತಿಸಿ ನೋಡಲಿಲ್ಲ.

*

ನನ್ನ ಗಂಡ ಮೂರ್ತಿ ಗಾರೆ ಮೇಸ್ತ್ರಿ. ಮೋಲ್ಡ್ ಗ್ಯಾಂಗ್ ಕಟ್ಟಿಕೊಂಡಿದ್ದಾನೆ. ಅವನ ಕೈಯಲ್ಲಿದ್ದ ಮುಂದಿನ ಕೆಲಸ ಬಸವಪ್ರಸಾದರ ಸ್ವಂತ ಮನೆಯ ಮೋಲ್ಡ್.

"ನಾನು ಬರಲ್ಲ," ಅಂದೆ.

"ಬರಬ್ಯಾಡ. ಕೆಳೀಕೆ ಬ್ಯಾರೆ ಯಾರ್ನಾರ ನಿಲ್ಲುಸ್ತೀನಿ."

ಕಾಲು ಹೋದ ಮೇಲೂ ನಾನು ಗ್ಯಾಂಗಿನಲ್ಲಿದ್ದೆ. ಬಾಂಡ್ಲಿ ಹೊರಲಾಗುವುದಿಲ್ಲ. ಮೇಲೆ ಹತ್ತಲಾಗುವುದಿಲ್ಲ. ಆದ್ದರಿಂದ ಪ್ರತಿ ಮೋಲ್ಡಿಗೂ ನನ್ನನ್ನೇ ಕೆಳಗೆ ನಿಲ್ಲಿಸುತ್ತಿದ್ದರು. ಒಂದು ಕಾಲಿನವಳಿಗೆ ಒಪ್ಪುವ ಕೆಲಸ. ಕೋಲಿಗೆ ಒರಗಿಕೊಂಡು ತಲೆಯೆತ್ತಿ ಹಾಲು ಸೋರುವುದನ್ನು ನೋಡುವುದು. ಮೊದಮೊದಲು ಒಳಗೆ ಕಾಲಿಡುವಾಗ ಉಚ್ಚೆ ಬರುತ್ತಿತ್ತು. ಆಮೇಲೆ ಅದೂ ನಿಂತಿತು.

"ಯಾರ್ನ ನಿಲ್ಲುಸ್ತೀಯ?" ಅಂತ ಕೇಳಿದೆ.

ಅವನು ಕರಣೆ ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ. "ದೊಡ್ಡತಾಯಕ್ಕನ ಸೊಸೆ ಇದಾಳಲ್ಲ."

ಮದುವೆಯಾಗಿ ಬಂದ ಆ ಹುಡುಗಿಯ ಮೈಮೇಲಿನ ಅರಿಶಿನ ಇನ್ನೂ ಮಾಸಿರಲಿಲ್ಲ.

"ನಿಮ್ಮವ್ವನ್ನೂ ಇಂಗೇ ನಿಲ್ಲಿಸ್ದೆ."

ಅವನು ಕರಣೆಯನ್ನು ನೀರಿಗೆ ಎಸೆದ. "ನಾನೇನ್ ಮಾಡ್ಲೇ? ನಂಗೇನ್ ಆಸೆನಾ? ನಿಲ್ಲೋರಿಲ್ಲ ಅಂದ್ರೆ ಅವ್ನು ಬ್ಯಾರೆ ಗ್ಯಾಂಗ್ ಕರ್ಸ್ತಾನೆ. ಆ ಗ್ಯಾಂಗಲ್ಲೂ ಒಬ್ಬಳು ಇರ್ತಾಳೆ. ಎಲ್ಲಾ ಗ್ಯಾಂಗಲ್ಲೂ ಇರ್ತಾಳೆ ಕಣೇ!"

ಅದು ನಿಜ. ಅದಕ್ಕೇ ನಾನು ಹೋದೆ.

*

ಮೋಲ್ಡ್ ಹಾಕುವ ದಿನ ಮನೆಯವರು ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅವತ್ತು ಒಂದೇ ದಿನ. ಶುರುವಾದ ಮೋಲ್ಡನ್ನು ನಿಲ್ಲಿಸುವ ಹಾಗಿಲ್ಲ, ಮುಗಿಯುವ ತನಕ ನಮ್ಮ ಕೈ ಓಡುತ್ತಿರಬೇಕು. ಅದಕ್ಕೆ ತಾವೇ ಬಡಿಸುತ್ತಾರೆ, ಇನ್ನೂ ಹಾಕಿಸಿಕೊಳ್ಳಿ ಅನ್ನುತ್ತಾರೆ. ಅದೇ ಮನೆಯ ಗೃಹಪ್ರವೇಶಕ್ಕೆ ಹೋದರೆ ಎಲೆ ಗೇಟಿನ ಹೊರಗೆ.

"ಕೇಸರಿಬಾತು ಕಣ್ರಲೇ," ಅಂದಳು ದೊಡ್ಡತಾಯಮ್ಮ. "ಬೆಳಿಗ್ಗೇನೂ ಕೇಸರಿಬಾತು, ಮಧ್ಯಾಹ್ನಾನೂ ಪಾಯಸ. ಸಾರ್ ಮನೇಲಿ ಬಾಡೂಟ ಇಲ್ಲ. ಬಾಡಿಲ್ದೆ ಮೋಲ್ಡ್ ಎಂಗೆ ಗಟ್ಟಿ ಆದದು?"

ಹೆಂಗಸರು ನಕ್ಕರು. ಮಿಕ್ಸರ್ ಇನ್ನೂ ಓಡುತ್ತಿರಲಿಲ್ಲ. ಜಲ್ಲಿಯ ಗುಡ್ಡೆಯ ಮುಂದೆ ಪೂಜೆ ನಡೆಯುತ್ತಿತ್ತು. ಬಸವಪ್ರಸಾದ್ ಮಡಿಪಂಚೆ ಉಟ್ಟು ಕಾಯಿ ಒಡೆದರು. ಚಲುವರಾಜು ಬಿಳಿ ಅಂಗಿ ತೊಟ್ಟು ಪಕ್ಕದಲ್ಲಿ ನಿಂತಿದ್ದ. ಮಂಡಳಿಯ ಹೊಸ ಸದಸ್ಯ. ಆ ಮನೆಯ ಸೆಂಟ್ರಿಂಗೂ ಅವನದೇ.

ಬಸವಪ್ರಸಾದರ ಹೆಂಡತಿ ಗುರುಶಾಂತಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರು. ಮೊದಲ ಬಾಂಡ್ಲಿ ಎತ್ತುವವಳಿಗೆ ಕುಂಕುಮ ಕೊಡಬೇಕು. ಸಾಲಿನ ಉದ್ದಕ್ಕೂ ನೋಡಿದರು. ಅವರ ಕಣ್ಣು ನನ್ನ ಊರುಗೋಲಿನ ಮೇಲೆ ನಿಂತಿತು.

"ಮೂರ್ತಿ, ಇವಳನ್ನ ಸ್ವಲ್ಪ ಆ ಕಡೆ ನಿಲ್ಲಿಸಪ್ಪ. ಶುಭ ಕೆಲಸ. ಅಂಗ ಊನ ಆದವರು ಎದುರಿಗೆ ಇರಬಾರದು."

ಮೂರ್ತಿ ನನ್ನನ್ನು ನೋಡಲಿಲ್ಲ. ನೆಲ ನೋಡಿದ.

ದೊಡ್ಡತಾಯಮ್ಮ ಕೇಳಿದಳು: "ಆ ಕಡೆ ಅಂದ್ರೆ ಎಲ್ಲಿಗವ್ವಾ? ಇವಳ ಜಾಗ ಮೋಲ್ಡ್ ಕೆಳೀಕೆ. ಅಲ್ಲಿ ನಿಂತ್ರೆ ಶುಭಾನಾ?"

"ಅಲ್ಲಿದ್ರೆ ಕಾಣಲ್ವಲ್ಲ," ಅಂದರು ಗುರುಶಾಂತಮ್ಮ. ಕೆಟ್ಟ ದನಿಯಲ್ಲಲ್ಲ. ಮನೆಯೊಳಗೆ ಕಸಬರಿಕೆ ಎಲ್ಲಿಡಬೇಕು ಎಂದು ಹೇಳುವ ಹಾಗೆ.

ನನ್ನ ಕೈಯಲ್ಲಿ ಒದ್ದೆ ಚೀಲದ ಚೂರುಗಳಿದ್ದವು. ನೆಲಕ್ಕೆ ಹಾಕಿದೆ.

"ನಾನು ಕೆಳಗೆ ನಿಲ್ಲಲ್ಲ."

ಯಾರಿಗೂ ಕೇಳಿಸಲಿಲ್ಲವೇನೋ ಅನ್ನಿಸಿತು. ಮತ್ತೆ ಹೇಳಿದೆ. ಕೂಗಿ ಹೇಳಿದೆ. ಬಸವಪ್ರಸಾದ್ ಮಂಗಳಾರತಿ ತಟ್ಟೆ ಹಿಡಿದುಕೊಂಡೇ ತಿರುಗಿದರು.

"ಏನಮ್ಮ ಅದು?"

"ಮೆಟ್ಟಿಲು ಹತ್ತೋಕೆ ನಂಗೆ ಶಕ್ತಿ ಇಲ್ಲ ಅಂದ್ರಿ. ಕೆಳಗೆ ನಿಲ್ಲೋಕೆ ಅದೆಯಾ ಸಾರ್? ಅದನ್ನೂ ನಿಲ್ಲಿಸಿ ನೋಡಿದ್ರಾ? ಅದಕ್ಕೆ ಷರತ್ತಿಲ್ವಾ?"

"ಮಂಡಳಿ ವಿಷಯ ಮಂಡಳೀಲಿ ಮಾತಾಡು. ಇದು ಮನೆ ಕೆಲಸ."

"ಅತ್ತೆ ಸತ್ತಿದ್ದೂ ಕೆಲಸದಲ್ಲೇ ಸಾರ್."

ದೊಡ್ಡತಾಯಮ್ಮ ತನ್ನ ಬಾಂಡ್ಲಿಯನ್ನು ಬೋರಲು ಹಾಕಿದಳು. ಅದರ ಮೇಲೆ ಕೂತಳು. ಸೆರಗಿನಿಂದ ಎಲೆ ಅಡಿಕೆ ತೆಗೆದಳು. ಅವಳ ಸೊಸೆ ಕೂತಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಒಂದೊಂದಾಗಿ ಬಾಂಡ್ಲಿಗಳು ಬೋರಲು ಬಿದ್ದವು. ತಗಡಿನ ಸದ್ದು. ಸಾಲಿಗೆ ಸಾಲೇ ಕೂತಿತು.

ಮೂರ್ತಿ ನನ್ನ ರಟ್ಟೆ ಹಿಡಿದು ಮರಳಿನ ಹಿಂದಕ್ಕೆ ಎಳೆದ. ಬಯ್ಯುತ್ತಾನೆ ಅಂದುಕೊಂಡೆ. ಅವನ ಕಣ್ಣು ಕೆಂಪಾಗಿತ್ತು.

"ಈಗ್ಲೇ ಕೂತ್ರೆ ಏನ್ ಬಂತೇ? ಸುರು ಮಾಡಮ. ಅರ್ಧ ಮೋಲ್ಡ್ ಆದ್ ಮ್ಯಾಲೆ ಕೈ ಎತ್ತುಬುಡಮ. ಆವಾಗ ನೋಡು, ಮಡಿಪಂಚೆ ಸಮೇತ ಕಾಲಿಗೆ ಬೀಳ್ತಾನೆ."

ನಿಜ, ಬೀಳುತ್ತಿದ್ದರು. ಅದನ್ನು ನೋಡುವ ಆಸೆ ನನಗೂ ಇತ್ತು.

"ಬ್ಯಾಡ," ಅಂದೆ. "ಅರ್ಧಕ್ಕೆ ಬುಟ್ಟಿದ್ದು ಕೂಡ್ಕೊಳಲ್ಲ. ಆಮೇಲೆ ಉಳಿದರ್ಧ ಹಾಕಕ್ಕೆ ಯಾರಾರ ಬತ್ತಾರೆ. ಅದರ ಕೆಳೀಕೂ ಯಾವಳನ್ನಾರ ನಿಲ್ಲುಸ್ತಾರೆ. ಅವಳು ನನ್ನ ಹೆಸರೇಳಿ ಸಾಯಬೇಕಾ?"

 ಅವನು ಹೋಗಿ ಮಿಕ್ಸರಿನ ಮೇಲೆ ಕೈಕಟ್ಟಿ ಕೂತ. ನಮ್ಮ ಮದುವೆಯಾದ ಮೇಲೆ ಅವನು ನನ್ನ ಮಾತಿಗೆ ಕೂತದ್ದು ಅದೇ ಮೊದಲು.

ಬಿಸಿಲೇರಿತು. ಬಸವಪ್ರಸಾದ್ ಗಡಿಯಾರ ನೋಡಿದರು. "ರಾಹುಕಾಲ ಬಂದುಬಿಡುತ್ತೆ ಕಣ್ರೀ," ಎಂದು ಗುರುಶಾಂತಮ್ಮ ಎರಡು ಸಲ ಹೇಳಿದರು.

"ಸರಿ," ಅಂದರು ಬಸವಪ್ರಸಾದ್. "ವಿಶೇಷ ಆಹ್ವಾನಿತೆ ಅಂತ ಮಾಡ್ತೀನಿ ನಿನ್ನ. ಮೀಟಿಂಗಿಗೆ ಬಾ. ಕುರ್ಚಿ ಹಾಕಿಸ್ತೀನಿ, ಟೀ ಕುಡಿ, ನಿನ್ನ ಕಷ್ಟ ಹೇಳ್ಕೊ."

"ಕೈ ಎತ್ತೋ ಹಾಗಿದೆಯಾ ಸಾರ್? ಕೆಲಸ ನಿಲ್ಲಿಸಿ ಅನ್ನೋ ಹಾಗಿದೆಯಾ?"

"ಅದು ಸದಸ್ಯರಿಗೆ ಮಾತ್ರ."

"ಟೀ ಕುಡ್ದು ಬರೋಕೆ ನಾನೇನು ನಿಮ್ಮನೆ ಬೀಗಿತ್ತಿಯಾ?"

ಹೆಂಗಸರು ಕಿಸಕ್ಕನೆ ನಕ್ಕರು. ಬಸವಪ್ರಸಾದರ ಕಿವಿ ಕೆಂಪಾಯಿತು. "ಏಯ್, ಕೆಳಗೆ ನಿಲ್ಲೋಕೆ ಇವಳೊಬ್ಬಳೇನಾ ಇರೋದು? ಬೇರೆ ಯಾರಾದ್ರೂ ಹೋಗ್ರೇ!"

ಯಾರೂ ಏಳಲಿಲ್ಲ. ಸೊಸೆ ಹುಡುಗಿ ಬಾಂಡ್ಲಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

ನಾನು ನೆಲದ ಮೇಲಿನ ಚೀಲದ ಚೂರುಗಳನ್ನು ಬಗ್ಗಿ ಎತ್ತಿಕೊಂಡೆ. ಬಸವಪ್ರಸಾದರಿಗೆ ಸಮಾಧಾನವಾಯಿತು. ನಾನು ಹೋಗುತ್ತೇನೆ ಅಂದುಕೊಂಡರು. ನಾನು ಚಲುವರಾಜುವಿನ ಹತ್ತಿರ ಹೋದೆ. ಅವನ ಬಿಳಿ ಅಂಗಿಯ ಮುಂದೆ ಚೂರುಗಳನ್ನು ಹಿಡಿದೆ.

"ಕಾರ್ಮಿಕರ ಪ್ರತಿನಿಧಿ ಇಲ್ಲೇ ಅವ್ರೆ. ಕಾರ್ಡೂ ಅದೆ. ಮೈಯಲ್ಲಿ ಶಕ್ತಿನೂ ಅದೆ. ನಿಂತ್ಕೊಳಪ್ಪ ಕೆಳೀಕೆ."

"ತಮಾಷೆ ಮಾಡ್ಬೇಡಕ್ಕ," ಎಂದು ಅವನು ನಕ್ಕ.

"ತಮಾಷೆ ಯಾವಳು ಮಾಡ್ತಾವ್ಳೆ?" ಅಂದಳು ದೊಡ್ಡತಾಯಮ್ಮ. "ನೀನು ನಿಂತ್ಕ. ನಾವು ಈ ಗಳಿಗೇಲೇ ಬಾಂಡ್ಲಿ ಎತ್ತೀವಿ. ಏನಂದೀರ್ರಲೇ?"

"ಎತ್ತೀವಿ!" ಅಂದಿತು ಸಾಲು.

ಬಸವಪ್ರಸಾದ್ ಮತ್ತೆ ಗಡಿಯಾರ ನೋಡಿದರು. "ಹೋಗಯ್ಯ. ಅರ್ಧ ದಿನದ ಕೆಲಸ. ಹಲಗೆ ನೋಡ್ಕೊಂಡು ಚೀಲ ತುರುಕೋದು. ಇವರ ಹಟಾನೂ ಮುಗೀಲಿ."

"ಸಾರ್, ನಾನಾ?"

"ಹೋಗು ಅಂದೆ."

ಚಲುವರಾಜು ಚೂರುಗಳನ್ನು ಬೆರಳ ತುದಿಯಲ್ಲಿ ತೆಗೆದುಕೊಂಡ. ಬಾಗಿಲಿನ ತನಕ ಹೋದ. ಒಳಗೆ ಕತ್ತಲು. ಅವನು ತಲೆಯೆತ್ತಿ ಮೇಲೆ ನೋಡಿದ. ಆಮೇಲೆ ಕಂಬಗಳನ್ನು ನೋಡಿದ. ಒಂದರಿಂದ ಒಂದಕ್ಕೆ ಅವನ ಕಣ್ಣು ಹೋಗುತ್ತಿತ್ತು. ಒಂದು ಹೆಜ್ಜೆ ಒಳಗಿಟ್ಟ. ಅದನ್ನು ಹಾಗೆಯೇ ಹಿಂದಕ್ಕೆ ತೆಗೆದ.

"ನಂಗೆ ಬೀಪಿ ಅದೆ ಸಾರ್."

ಯಾರೂ ನಗಲಿಲ್ಲ.

"ಸಾಮಾನು ನಿಂದೇ ತಾನೆ?" ಅಂದರು ಬಸವಪ್ರಸಾದ್.

"ನಂದೇ ಸಾರ್."

"ಮತ್ತೆ?"

ಚಲುವರಾಜು ಹಣೆ ಒರೆಸಿಕೊಂಡ. ಕುಂಕುಮ ಅಂಗಿಯ ತೋಳಿಗೆ ಹತ್ತಿತು. "ಕತ್ತಲಲ್ಲಿ ನಂಗೆ ಉಸಿರು ಕಟ್ಟುತ್ತೆ ಸಾರ್."

ಗುರುಶಾಂತಮ್ಮ ತಟ್ಟೆಯನ್ನು ಮರಳಿನ ಮೇಲೆ ಇಟ್ಟರು. "ಏನ್ರೀ ಇದು? ಇದರ ಕೆಳಗೆ ನಾವು ಮಲಗೋದು. ಆ ಸಾಮಾನೆಲ್ಲ ನೀವು ನೋಡಿದೀರಿ ತಾನೆ?"

ಬಸವಪ್ರಸಾದ್ ಉತ್ತರ ಕೊಡುವುದಕ್ಕೆ ಹೊತ್ತು ತೆಗೆದುಕೊಂಡರು. ಅಷ್ಟು ಹೊತ್ತು ಸಾಕಿತ್ತು. ಅವರು ನೋಡಿರಲಿಲ್ಲ. ಮಂಡಳಿಯ ಅಧ್ಯಕ್ಷರ ಮನೆಗೆ ಕೆಟ್ಟ ಸಾಮಾನು ಬರುವುದಿಲ್ಲ ಎಂದು ನಂಬಿದ್ದರು.

"ನೋಡಿದೀನಿ," ಅಂದರು. "ಎಲ್ಲಾ ಸರಿಯಾಗಿದೆ. ಅವನಿಗೆ ಹೆದರಿಕೆ, ಅಷ್ಟೆ." ಅಷ್ಟು ಜನರ ಎದುರಿಗೆ, ಹೆಂಡತಿಯ ಎದುರಿಗೆ, ಬೇರೆ ಏನು ಹೇಳಲೂ ಅವರಿಂದ ಆಗಲಿಲ್ಲ. ಕಾಯಿ ಒಡೆದಾಗಿತ್ತು. ಸಿಮೆಂಟ್ ಬಿಚ್ಚಿಯಾಗಿತ್ತು. ಅವರು ನನ್ನ ಕಡೆ ತಿರುಗಿದರು. ದನಿ ಇಳಿಸಿದರು.

"ನೋಡು ಸುಕನ್ಯಾ. ಆ ಮೂರನೇ ಷರತ್ತು ತೆಗೆದಂಗೆ ಅಂದ್ಕೊ. ಚಲುವರಾಜು ಜಾಗಕ್ಕೆ ನೀನೇ ಸದಸ್ಯೆ. ಮೇಲಿನವರಿಗೆ ನಾನು ಹೇಳ್ಕೋತೀನಿ. ಆಯ್ತಾ? ಈಗ ಕೆಳಗೆ ಹೋಗಮ್ಮ."

ನನ್ನನ್ನು ಕಾರ್ಮಿಕರ ಪ್ರತಿನಿಧಿ ಮಾಡಿದ್ದು ಯಾಕೆ? ಮೋಲ್ಡಿನ ಕೆಳಗೆ ಕಳಿಸುವುದಕ್ಕೆ.

"ಗಟ್ಟಿಯಾಗಿ ಹೇಳಿ ಸಾರ್. ಎಲ್ಲರಿಗೂ ಕೇಳಲಿ."

ಅವರು ಹಲ್ಲು ಕಚ್ಚಿದರು. ಆಕಾಶ ನೋಡಿದರು. ಆಮೇಲೆ ಕೂಗಿಯೇ ಹೇಳಿದರು: "ಈಕೆ ಉಸ್ತುವಾರಿ ಮಂಡಳಿ ಸದಸ್ಯೆ. ಆಯ್ತಾ? ಸಾಕಾ? ಮಿಕ್ಸರ್ ಹಾಕೋ ಮೂರ್ತಿ!"

ಮೂರ್ತಿ ಅಲ್ಲಾಡಲಿಲ್ಲ. ನನ್ನನ್ನು ನೋಡುತ್ತಿದ್ದ. ಸಾಲಿಗೆ ಸಾಲೇ ನನ್ನನ್ನು ನೋಡುತ್ತಿತ್ತು.

ನಾನು ಊರುಗೋಲನ್ನು ಗಟ್ಟಿಯಾಗಿ ಊರಿದೆ.  

"ಈ ಮೋಲ್ಡ್ ನಿಲ್ಲಿಸಿ ಸಾರ್."

"ಏನು?"

"ಕೆಲಸ ನಿಲ್ಲಿಸಿ. ಕೊಟ್ಟವನೇ ಕೆಳಗೆ ನಿಲ್ಲಲ್ಲ ಅಂದಮೇಲೆ ನಂಗೆ ಅನುಮಾನ ಅದೆ. ಮಂಡಳಿ ಬಂದು ನೋಡೋ ತನಕ ಈ ಮನೆ ಮೇಲೆ ಒಂದು ಬಾಂಡ್ಲಿನೂ ಬೀಳೋ ಹಾಗಿಲ್ಲ."

ಬಸವಪ್ರಸಾದರ ಬಾಯಿ ತೆರೆದೇ ಇತ್ತು. "ಇದು ನನ್ನ ಮನೆ ಕಣೇ! ನಿಲ್ಲಿಸು ಅನ್ನೋಕೆ ಯಾರು ನೀನು?"

ನಾನು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ದೊಡ್ಡತಾಯಮ್ಮ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಗೆ ತಳ್ಳಿಕೊಂಡು, ಕೂತಲ್ಲಿಂದಲೇ ಹೇಳಿದಳು:

"ಮಂಡಳಿ ಕಣ್ರೀ. ಈಗ ತಾನೇ ನೀವೇ ಅಂದ್ರಲ್ಲ."